ಎರಡು ವಿಚಾರಣೆಗಳ ನಡುವಿನ ದಿವಾನರು

ಗಣಪತಿ ಹಬ್ಬ ಹತ್ತಿರ ಬಂತು ಅಂದ್ರೆ ನಮ್ಮ ತಿಪಟೂರಲ್ಲಿ ಸತ್ಯಗಣಪತಿ ಪೆಂಡಾಲ್ ಎಷ್ಟು ಗ್ಯಾರಂಟಿನೋ, ಹಾಸ್ಟೆಲ್‌ನಲ್ಲಿ ಒಂದು ಜಗಳನೂ ಅಷ್ಟೇ ಗ್ಯಾರಂಟಿ. ಯಾವುದೋ ದೂರದ ಊರಲ್ಲಿ ಮೆರವಣಿಗೆ ಹೊತ್ತಲ್ಲಿ ಕಲ್ಲು ಬಿತ್ತು, ಪೊಲೀಸರು ಲಾಠಿ ಬೀಸಿದರು ಅಂತ ಹದಿನೈದು ಸೆಕೆಂಡಿನ ಒಂದು ವಿಡಿಯೋ ಗ್ರೂಪಿಗೆ ಬರುತ್ತೆ. ಅರ್ಧ ಗಂಟೆಯಲ್ಲಿ ನಾವು ಎರಡು ಟೀಮ್ ಆಗಿರ್ತೀವಿ. ಅಲ್ಲಿ ನಿಜವಾಗಿ ಏನು ನಡೀತು ಅಂತ ಯಾರೂ ಕೇಳಲ್ಲ. ಏಟು ತಿಂದವನ ಹೆಸರೇನು, ಏಟು ಕೊಟ್ಟವನ ಹೆಸರೇನು ಅಂತ ಕೇಳ್ತೀವಿ. ಹೆಸರು ಗೊತ್ತಾದ ತಕ್ಷಣ ತೀರ್ಪು ರೆಡಿ.

ಹೋದ ಸಲ ಜಗಳ ಆರಿದ ಮೇಲೆ ಕನ್ನಡ ಸಂಘದ ನಾವು ನಾಲ್ಕೈದು ಜನ ಕೂತು, ನಮ್ಮ ರಾಜ್ಯದಲ್ಲಿ ಇಂಥದ್ದು ಮೊದಲು ಯಾವಾಗ ದೊಡ್ಡದಾಗಿ ಆಯ್ತು ಅಂತ ಹುಡುಕೋಕೆ ಹೊರಟೆವು. ಸಿಕ್ಕಿದ್ದು 1928ರ ಬೆಂಗಳೂರು ಗಣಪತಿ ಗಲಾಟೆ. ಅದರ ಹಿಂದೆ ಹೋದಾಗ ಸಿಕ್ಕಿದವರು ಸರ್ ಮಿರ್ಜಾ ಇಸ್ಮಾಯಿಲ್. ಬೃಂದಾವನ ಗಾರ್ಡನ್ ಮಾಡಿಸಿದ ದಿವಾನರು ಅಂತ ಪ್ರೈಮರಿಯಲ್ಲಿ ಓದಿದ್ದೆವು, ಅಷ್ಟೇ. ಆದರೆ ಅವರ ಜೀವನದಲ್ಲಿ ಒಂದು ಗಲಭೆ ಇದೆ, ಒಂದು ಗೋಲಿಬಾರ್ ಇದೆ, ಎರಡರ ಮೇಲೂ ಒಂದೊಂದು ವಿಚಾರಣೆ ಇದೆ. ಒಂದರಲ್ಲಿ ಅವರ ಹೆಸರು ನೋಡಿ ಅವರನ್ನು ಅನುಮಾನಿಸಿದರು. ಇನ್ನೊಂದರಲ್ಲಿ ಅವರ ಸರ್ಕಾರ ಮಾಡಿದ ಕೆಲಸಕ್ಕೆ ಅವರು ಉತ್ತರ ಕೊಡಬೇಕಾಗಿ ಬಂತು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡೋದು ಹೇಗೆ ಅನ್ನೋದೇ ಈ ಲೇಖನ.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಬಿ.ಎಂ.ಶ್ರೀ ಹುಟ್ಟಿದ್ದು ಇದಾಗಿ ಎರಡೂವರೆ ತಿಂಗಳಿಗೆ, 1884ರ ಜನವರಿಯಲ್ಲಿ. ಅಂದ್ರೆ ಇಬ್ಬರೂ ಒಂದೇ ವಾರಿಗೆಯವರು, ಒಂದೇ ಮೈಸೂರು ಸಂಸ್ಥಾನದ ಪ್ರಜೆಗಳು. ಆಗ ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಎಲ್ಲವೂ ಅದೇ ಸಂಸ್ಥಾನದ ತುಮಕೂರು ಜಿಲ್ಲೆಯಲ್ಲಿದ್ದವು. ದಿವಾನರ ಆರ್ಡರ್ ಇಲ್ಲಿಯ ತೋಟಗಳಿಗೂ ತಲುಪುತ್ತಿತ್ತು.

ಮಿರ್ಜಾ ಅವರ ತಾತ ಆಗಾ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದು ಬೆಂಗಳೂರಲ್ಲೇ ನೆಲೆ ನಿಂತವರು. ಬೆಂಗಳೂರಿಗೆ ಹೋದವರು ಅಲಿ ಅಸ್ಕರ್ ರಸ್ತೆ ನೋಡಿರಬಹುದು, ಅದು ಅವರದೇ ಹೆಸರು. ತಂದೆ ಆಗಾ ಜಾನ್ ಮಹಾರಾಜರ ಬಳಿ ಎ.ಡಿ.ಸಿ. ಆಗಿದ್ದರು. ಹಾಗಾಗಿ ಹುಡುಗ ಮಿರ್ಜಾಗೆ ಅರಮನೆಯಲ್ಲೇ ಓದುವ ಅವಕಾಶ ಸಿಕ್ಕಿತು. ಪಕ್ಕದಲ್ಲಿ ಕೂತು ಓದುತ್ತಿದ್ದ ಹುಡುಗ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ್ ಆದರು. ಸ್ಟುವರ್ಟ್ ಫ್ರೇಜರ್ ಅನ್ನೋ ಇಂಗ್ಲಿಷ್ ಅಧಿಕಾರಿ ಇಬ್ಬರಿಗೂ ಮೇಷ್ಟ್ರು. ಅವತ್ತು ಶುರುವಾದ ಸ್ನೇಹ 1940ರಲ್ಲಿ ಮಹಾರಾಜರು ತೀರಿಹೋಗುವವರೆಗೂ ನಡೀತು.

ಸೆಂಟ್ರಲ್ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ 1905ರಲ್ಲಿ ಅವರು ಸೇರಿದ ಮೊದಲ ಕೆಲಸ ಯಾವುದು ಅಂತ ಗೆಸ್ ಮಾಡಿ. ಪೊಲೀಸ್ ಇಲಾಖೆ! ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಗಿ ಸುಮಾರು ಮೂರು ವರ್ಷ ಇದ್ದರು. ಆಮೇಲೆ ಅರಮನೆ ಕಡೆ ಕೆಲಸಕ್ಕೆ ಬಂದು, ಮಹಾರಾಜರ ಕಾರ್ಯದರ್ಶಿಯಾಗಿ, 1922ರಲ್ಲಿ ಖಾಸಗಿ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. ಆ ಪೊಲೀಸ್ ಕೆಲಸವನ್ನು ಇಲ್ಲಿ ಹೇಳೋಕೆ ಕಾರಣ ಇದೆ. ಲಾಠಿ ಹಿಡಿಯುವ ಇಲಾಖೆ ಒಳಗಿನಿಂದ ಹೇಗಿರುತ್ತೆ ಅಂತ ಗೊತ್ತಿದ್ದ ದಿವಾನರು ಇವರು.

ಸುಲ್ತಾನ್‌ಪೇಟೆಯ ಗಣಪತಿ

ದಿವಾನರಾಗಿ ಎರಡು ವರ್ಷ ಆಗಿತ್ತು. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಒಂದು ಸರ್ಕಾರಿ ಶಾಲೆ. ಅದರ ಆವರಣದಲ್ಲಿ ಒಂದು ಚಿಕ್ಕ ಗಣಪತಿ. ಶಾಲೆಯ ಕಟ್ಟಡದ ಕೆಲಸ ನಡೆದಾಗ ಆ ಗಣಪತಿಗೆ ಅಲ್ಲೇ ಗುಡಿ ಕಟ್ಟಬೇಕಾ, ಬೇಡವಾ ಅಂತ ತಕರಾರು ಎದ್ದಿತು. ಅಷ್ಟೇ ವಿಷಯ. ಹತ್ತಿರದ ನಾಲ್ಕು ಹಿರಿಯರು ಕೂತು ಒಂದು ಸಂಜೆಯಲ್ಲಿ ಮುಗಿಸಬಹುದಾದ ವಿಷಯ ಅಂತ ಇವತ್ತು ನಮಗೆ ಅನ್ನಿಸುತ್ತೆ.

ಆದರೆ ಮುಗಿಯಲಿಲ್ಲ. ವಿದ್ಯಾರ್ಥಿಗಳು ಬೀದಿಗೆ ಬಂದರು. ನಮಗಿಂತ ಚಿಕ್ಕ ಹುಡುಗರೂ ಇದ್ದರು. ಪತ್ರಿಕೆಗಳು ಬರೆದವು. ಕಾಂಗ್ರೆಸ್ ಮುಖಂಡರು ಬಂದು ಭಾಷಣ ಮಾಡಿದರು. ಸರ್ಕಾರ ಕೆಲವರನ್ನು ಬಂಧಿಸಿತು. ಬಂಧನಕ್ಕೆ ಪ್ರತಿಭಟನೆ, ಪ್ರತಿಭಟನೆಗೆ ಪ್ರತಿಯಾಗಿ ಇನ್ನೊಂದು ಗುಂಪು, ಹೀಗೆ ಜುಲೈ ಕೊನೆಯ ಹೊತ್ತಿಗೆ ಅದು ಹಿಂದೂ ಮುಸ್ಲಿಂ ಹೊಡೆದಾಟವೇ ಆಯಿತು. ಮೈಸೂರು ಸಂಸ್ಥಾನ ಶಾಂತವಾದ ಮಾದರಿ ರಾಜ್ಯ ಅಂತ ಹೆಸರು ಪಡೆದಿತ್ತು. ಹಿಂದಿನ ವರ್ಷ ತಾನೇ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳೋಕೆ ನಂದಿಬೆಟ್ಟದಲ್ಲಿ, ಬೆಂಗಳೂರಿನಲ್ಲಿ ತಂಗಿದ್ದರು. ಅಂಥ ಊರಲ್ಲಿ ಈ ಗಲಾಟೆ.

ಈಗ ಪ್ರಶ್ನೆಗಳು ಶುರುವಾದವು. ಸಣ್ಣ ತಕರಾರನ್ನು ಇಷ್ಟು ದೂರ ಬಿಟ್ಟವರು ಯಾರು? ಬಂಧನಗಳು ಬೇಕಿದ್ದವಾ? ಹೊಡೆದಾಟದ ದಿನ ಪೊಲೀಸರು ಸರಿಯಾಗಿ ನಡೆದುಕೊಂಡರಾ? ಇವೆಲ್ಲಾ ನ್ಯಾಯವಾದ ಪ್ರಶ್ನೆಗಳೇ. ಸರ್ಕಾರದ ತಲೆ ಮೇಲೆ ಕೂತ ದಿವಾನರಿಗೆ ಇವನ್ನು ಕೇಳಲೇಬೇಕು. ಆದರೆ ಇವುಗಳ ಜೊತೆಗೇ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿತು. ದಿವಾನರು ಮುಸ್ಲಿಂ ಅಲ್ಲವಾ, ಇನ್ನೇನು ಮಾಡ್ತಾರೆ ಅನ್ನೋ ಪ್ರಶ್ನೆ. ಇದು ಪ್ರಶ್ನೆ ಥರ ಕಾಣುತ್ತೆ, ಆದರೆ ಅಲ್ಲ. ಇದಕ್ಕೆ ಉತ್ತರ ಮೊದಲೇ ಬರೆದಿರುತ್ತೆ. ಅವರು ಮೂರು ತಲೆಮಾರಿನಿಂದ ಇದೇ ಊರಿನವರು. ಆದರೂ ಒಂದು ಗಲಾಟೆ ಆದ ಕೂಡಲೇ ಅವರ ಆರ್ಡರ್ ಪಕ್ಕಕ್ಕಿಟ್ಟು ಅವರ ಹುಟ್ಟನ್ನು ತೆಗೆದರು.

ಇನ್ನೊಂದು ಕಡೆಯನ್ನೂ ಹೇಳಬೇಕು. 1908ರಲ್ಲೇ ಬಂದಿದ್ದ ಕಾನೂನಿನ ಪ್ರಕಾರ ಮೈಸೂರಲ್ಲಿ ಪತ್ರಿಕೆ ನಡೆಸೋಕೆ ಸರ್ಕಾರದ ಅನುಮತಿ ಬೇಕಿತ್ತು. ಅಂದ್ರೆ ಪತ್ರಿಕೆಯ ಜುಟ್ಟು ಸರ್ಕಾರದ ಕೈಯಲ್ಲಿ. ಜನ ಮಾತಾಡೋಕೆ ಸರಿಯಾದ ಜಾಗ ಇಲ್ಲದಿದ್ದಾಗ ಗಾಳಿಸುದ್ದಿ ಜೋರಾಗುತ್ತೆ. ಪೂರ್ವಗ್ರಹಕ್ಕೆ ಇದರಿಂದ ಕ್ಷಮೆ ಸಿಗಲ್ಲ. ಆದರೆ ಗಲಭೆಗೆ ಗುಂಪು ಮಾತ್ರ ಕಾರಣ ಅಂತ ಬರೆದರೆ ಅರ್ಧ ಮಾತ್ರ ಬರೆದ ಹಾಗೆ.

ಸರ್ಕಾರ ವಿಚಾರಣಾ ಸಮಿತಿ ಮಾಡಿತು. ಅದರ ಅಧ್ಯಕ್ಷರು ಯಾರು ಗೊತ್ತಾ? ಸರ್ ಎಂ. ವಿಶ್ವೇಶ್ವರಯ್ಯ. ಪ್ರತಿ ಸೆಪ್ಟೆಂಬರ್ 15ಕ್ಕೆ ಹಾರ ಹಾಕಿ ಎಂಜಿನಿಯರ್ಸ್ ಡೇ ಮಾಡ್ತೀವಲ್ಲ, ಅವರೇ. ಆಣೆಕಟ್ಟು, ಆಟೋಮ್ಯಾಟಿಕ್ ಗೇಟು, ಬ್ಲಾಕ್ ಸಿಸ್ಟಮ್ ಎಲ್ಲಾ ನಮಗೆ ಗೊತ್ತು. ಅವರು ಒಂದು ಗಲಭೆಯ ವರದಿಯನ್ನೂ ಬರೆದಿದ್ದಾರೆ ಅನ್ನೋದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವರು ದಿವಾನಗಿರಿ ಬಿಟ್ಟು ಆಗಲೇ ಹತ್ತು ವರ್ಷ ಆಗಿತ್ತು. ಸೇತುವೆ ಬಿದ್ದರೆ ಎಂಜಿನಿಯರ್ ಏನು ಮಾಡ್ತಾರೆ? ಯಾವ ಕಡೆಯಿಂದ ಬಿರುಕು ಶುರುವಾಯ್ತು, ಯಾವಾಗ ಗೊತ್ತಾಯ್ತು, ಗೊತ್ತಾದ ಮೇಲೆ ಯಾರು ಏನು ಮಾಡಿದರು ಅಂತ ಕೇಳ್ತಾರೆ. ಗಲಭೆಗೂ ಅದೇ ಕ್ರಮ ಬೇಕು.

ನಮ್ಮ ಕಡೆ ಕೊಬ್ಬರಿ ಮಾಡೋರಿಗೆ ಈ ಕಾಯುವಿಕೆ ಅರ್ಥ ಆಗುತ್ತೆ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದ ಮೇಲೆ ಹತ್ತು ಹನ್ನೊಂದು ತಿಂಗಳು ಸುಮ್ಮನಿರಬೇಕು. ಒಳಗಿನ ನೀರು ಆರಿ, ಅಲ್ಲಾಡಿಸಿದಾಗ ಗಿಟುಕು ಒಳಗೆ ಆಡೋ ಸದ್ದು ಬಂದ ಮೇಲೇ ಸುಲಿಯೋದು. ಅವಸರ ಮಾಡಿ ಒಡೆದರೆ ಅದು ಕೊಬ್ಬರಿನೂ ಅಲ್ಲ, ಎಳನೀರೂ ಅಲ್ಲ. ಹದಿನೈದು ಸೆಕೆಂಡಿನ ವಿಡಿಯೋ ನೋಡಿ ನಾವು ಕೊಡೋ ತೀರ್ಪೂ ಹಾಗೇ.

ಮಹಾರಾಜರು ಮಿರ್ಜಾ ಅವರನ್ನು ಕೈಬಿಡಲಿಲ್ಲ. ಮುಂದೆ ಹದಿಮೂರು ವರ್ಷ ಅವರೇ ದಿವಾನರು.

ದೀಪ, ಕಾಲುವೆ, ಕಾರ್ಖಾನೆ

ಮುಂದಿನ ಹತ್ತು ವರ್ಷ ಪಠ್ಯಪುಸ್ತಕದಲ್ಲಿ ಬರುವ ಮಿರ್ಜಾ. ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ. ಕಟ್ಟೆಯ ನೀರನ್ನು ಮಂಡ್ಯಕ್ಕೆ ಒಯ್ದ ಇರ್ವಿನ್ ಕಾಲುವೆ, ಈಗ ಅದು ವಿಶ್ವೇಶ್ವರಯ್ಯ ನಾಲೆ. ನೀರು ಬಂದ ಮೇಲೆ ಕಬ್ಬು, ಕಬ್ಬು ಬಂದ ಮೇಲೆ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ. ಬೆಂಗಳೂರಿನಲ್ಲಿ ಟೌನ್ ಹಾಲ್. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್. ನಮ್ಮ ಸೀನಿಯರ್‌ಗಳು ಪ್ಲೇಸ್‌ಮೆಂಟ್ ಕನಸು ಕಾಣುವ ಎಚ್‌ಎಎಲ್ ಶುರುವಾಗಿದ್ದು ಹೀಗೆ. ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೂ ಅವರು ಸಂಸ್ಥಾನದ ಪರವಾಗಿ ಹೋಗಿ ಬಂದರು.

ಊರು ಚೆನ್ನಾಗಿರಬೇಕು, ರಸ್ತೆ ಶುಚಿಯಾಗಿರಬೇಕು, ದೀಪ ಉರೀಬೇಕು ಅನ್ನೋದು ಅವರಿಗೆ ಹುಚ್ಚು ಅನ್ನೋವಷ್ಟು ಇತ್ತು. ಇದನ್ನೆಲ್ಲಾ ನಾವು ಒಂದೇ ಪ್ಯಾರಾದಲ್ಲಿ ಮುಗಿಸ್ತಿದ್ದೀವಿ, ಯಾಕಂದ್ರೆ ಇದರ ಬಗ್ಗೆ ಜಗಳ ಇಲ್ಲ. ಜಗಳ ಇರೋದು ಮುಂದಿನದಕ್ಕೆ.

ಇಷ್ಟೆಲ್ಲಾ ಆದರೂ ಒಂದು ವಿಷಯದಲ್ಲಿ ಸರ್ಕಾರ ಹಿಂದೆ ಉಳೀತು. ಜನರಿಗೆ ಕಾರ್ಖಾನೆ ಕೊಟ್ಟರು, ಅಧಿಕಾರ ಕೊಡಲಿಲ್ಲ. ಪ್ರಜಾಪ್ರತಿನಿಧಿ ಸಭೆ ಇತ್ತು, ಮಾತಾಡಬಹುದಿತ್ತು, ಆದರೆ ಆಡಳಿತ ದಿವಾನರ ಕೈಯಲ್ಲೇ. 1937ರಲ್ಲಿ ಬ್ರಾಹ್ಮಣೇತರ ನಾಯಕರ ಪ್ರಜಾ ಸಂಯುಕ್ತ ಪಕ್ಷ ಮೈಸೂರು ಕಾಂಗ್ರೆಸ್ ಜೊತೆ ಸೇರಿತು. ಅಲ್ಲಿವರೆಗೆ ಪೇಟೆಯ ವಕೀಲರ ಪಕ್ಷದ ಥರ ಇದ್ದ ಕಾಂಗ್ರೆಸ್ಸು ಹಳ್ಳಿಗಳಿಗೆ ಇಳಿಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರು ಹತ್ತಿರದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ನಿಷೇಧ ಮೀರಿ ತ್ರಿವರ್ಣ ಧ್ವಜ ಹಾರಿಸಿ ಜೈಲಿಗೆ ಹೋದರು.

ವಿದುರಾಶ್ವತ್ಥ

ಅದಾಗಿ ಎರಡೇ ವಾರ. 1938ರ ಏಪ್ರಿಲ್ 25. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ದೊಡ್ಡ ಅರಳಿಮರ, ಸುತ್ತ ನಾಗರಕಲ್ಲುಗಳು, ಜಾತ್ರೆ ಜನ. ಅಲ್ಲಿ ಧ್ವಜ ಹಾರಿಸಬಾರದು, ಸಭೆ ಸೇರಬಾರದು ಅಂತ ಆಜ್ಞೆ. ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು.

ಸತ್ತವರ ಲೆಕ್ಕ ಸರ್ಕಾರದ್ದು ಒಂದು, ಕಾಂಗ್ರೆಸ್‌ನವರದ್ದು ಇನ್ನೊಂದು. ಇವತ್ತು ಅಲ್ಲಿನ ಸ್ಮಾರಕಕ್ಕೆ ಹೋದವರಿಗೆ ಹೇಳುವ ಸಂಖ್ಯೆ ಮೂವತ್ತರ ಮೇಲಿದೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಜನ ಕರೆದರು. ಜಾತ್ರೆಗೆ ಅಂತ ಹೊರಟವರು ಎಷ್ಟೋ ಮನೆಗಳಿಗೆ ವಾಪಸ್ ಬರಲಿಲ್ಲ.

ಮತ್ತೆ ಅದೇ ಜಗಳ, ಈ ಸಲ ಇಡೀ ಸಂಸ್ಥಾನದಲ್ಲಿ. ಗುಂಪು ಹದ್ದು ಮೀರಿತ್ತು, ಪೊಲೀಸರಿಗೆ ಬೇರೆ ದಾರಿ ಇರಲಿಲ್ಲ ಅಂತ ಒಂದು ವಾದ. ಬಾವುಟ ಹಿಡಿದು ನಿಂತ ಜನರ ಮೇಲೆ ಗುಂಡು ಹಾರಿಸೋಕೆ ಯಾವ ದಾರಿಯೂ ದಾರಿಯಲ್ಲ ಅಂತ ಇನ್ನೊಂದು ವಾದ. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆ ಆಯ್ತು.

ಇಲ್ಲಿಗೆ ಬಂದಾಗ ನಮ್ಮ ನಾಲ್ಕೈದು ಜನರ ನಡುವೆಯೇ ಜಗಳ ಹತ್ತಿತು. 1928ರ ಕಥೆ ಓದಿ ಮಿರ್ಜಾ ಪರ ನಿಂತಿದ್ದವರು ಈಗಲೂ ಅವರ ಪರವೇ ಮಾತಾಡೋಕೆ ಶುರು ಮಾಡಿದರು. ಪಾಪ ಅವರಿಗೆ ಆಗಲೇ ಅನ್ಯಾಯ ಆಗಿತ್ತು, ಈಗಲೂ ಅವರನ್ನೇ ಯಾಕೆ ಬೈಬೇಕು ಅಂತ. ಇನ್ನೊಬ್ಬರು ವಿದುರಾಶ್ವತ್ಥ ಓದಿ, 1928ರಲ್ಲಿ ಜನ ಅನುಮಾನ ಪಟ್ಟಿದ್ದೇ ಸರಿ ಅಂದರು. ಎರಡೂ ತಪ್ಪು ಅಂತ ಗೊತ್ತಾಗೋಕೆ ನಮಗೆ ಎರಡು ದಿನ ಬೇಕಾಯ್ತು.

1928ರಲ್ಲಿ ಅವರ ಧರ್ಮ ಹಿಡಿದು ಅನುಮಾನಿಸಿದ್ದು ತಪ್ಪು. ಹತ್ತು ವರ್ಷದ ನಂತರ ಏನೇ ಆಗಿರಲಿ, ಅದು ತಪ್ಪೇ. ಹಾಗೇ, ವಿದುರಾಶ್ವತ್ಥದಲ್ಲಿ ಬಿದ್ದ ಹೆಣಗಳಿಗೆ ಅವರ ಸರ್ಕಾರ ಜವಾಬ್ದಾರಿ. ಹತ್ತು ವರ್ಷ ಮುಂಚೆ ಅವರಿಗೆ ಏನೇ ಅನ್ಯಾಯ ಆಗಿರಲಿ, ಆ ಜವಾಬ್ದಾರಿ ಕಮ್ಮಿ ಆಗಲ್ಲ. ಗುಂಡು ಹಾರಿಸಿದ್ದು ಅವರ ಕೈಯಲ್ಲ, ನಿಜ. ಆದರೆ ಬಾವುಟಕ್ಕೆ ನಿಷೇಧ ಹಾಕಿದ್ದು ಅವರ ಸರ್ಕಾರ, ಬಂದೂಕು ಹಿಡಿದು ನಿಂತಿದ್ದು ಅವರ ಪೊಲೀಸರು. ಒಂದು ಕಾಲಕ್ಕೆ ಅದೇ ಖಾಕಿ ಹಾಕಿದ್ದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರಬೇಕು. ಪೂರ್ವಗ್ರಹದಿಂದ ನೊಂದವರು ಅಧಿಕಾರದಲ್ಲಿ ತಪ್ಪು ಮಾಡಲ್ಲ ಅಂತೇನಿಲ್ಲ. ತಪ್ಪು ಮಾಡಿದವರ ಮೇಲೆ ಪೂರ್ವಗ್ರಹ ತೋರಿಸಬಹುದು ಅಂತಲೂ ಇಲ್ಲ.

ಮುಂದೆ ಆಗಿದ್ದನ್ನು ಅವರ ಲೆಕ್ಕಕ್ಕೆ ಬರೆಯಬೇಕು. ಗಾಂಧೀಜಿ ಕಳಿಸಿದ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದರು. ಮಿರ್ಜಾ ಅವರ ಜೊತೆ ಕೂತು ಮಾತಾಡಿದರು. ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯ್ತು. ಜೈಲಲ್ಲಿದ್ದ ಸತ್ಯಾಗ್ರಹಿಗಳು ಹೊರಗೆ ಬಂದರು. ಇದೇ ಮಿರ್ಜಾ ಪಟೇಲ್ ಒಪ್ಪಂದ. ಒಂದು ಬಾವುಟದ ಪಕ್ಕ ಇನ್ನೊಂದು ಬಾವುಟ ಹಾರಿದರೆ ಸಂಸ್ಥಾನ ಮುಳುಗಲ್ಲ ಅಂತ ಮೇ ತಿಂಗಳಲ್ಲಿ ಗೊತ್ತಾಯ್ತು. ಏಪ್ರಿಲ್‌ನಲ್ಲೇ ಗೊತ್ತಾಗಿದ್ದರೆ ಅಷ್ಟು ಜನ ಉಳೀತಿದ್ದರು. ಇದನ್ನು ಓದಿದಾಗ ನಮಗೆ ಆದ ಬೇಜಾರು ಬೇರೆ ಯಾವ ಭಾಗಕ್ಕೂ ಆಗಲಿಲ್ಲ.

ಒಪ್ಪಂದದಿಂದ ಎಲ್ಲಾ ಸರಿ ಹೋಗಲೂ ಇಲ್ಲ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿದು ಅರಣ್ಯ ಸತ್ಯಾಗ್ರಹ ನಡೀತು, ಮತ್ತೆ ಬಂಧನ. ಜವಾಬ್ದಾರಿ ಸರ್ಕಾರ ಬಂದಿದ್ದು 1947ರಲ್ಲಿ. ಅಷ್ಟೊತ್ತಿಗೆ ಮಿರ್ಜಾ ಮೈಸೂರು ಬಿಟ್ಟು ಆರು ವರ್ಷ ಆಗಿತ್ತು.

ಇನ್ನೊಂದು ಊರಲ್ಲಿ ಇನ್ನೊಂದು ಹೆಸರು

ನಾಲ್ವಡಿಯವರು ತೀರಿಕೊಂಡ ಮರುವರ್ಷ, 1941ರಲ್ಲಿ, ಮಿರ್ಜಾ ರಾಜೀನಾಮೆ ಕೊಟ್ಟರು. 1942ರಿಂದ ಜೈಪುರದ ಪ್ರಧಾನಿ. ಅಲ್ಲಿಯ ದೊಡ್ಡ ರಸ್ತೆ ಇವತ್ತಿಗೂ ಎಂ.ಐ. ರೋಡ್. 1946ರಲ್ಲಿ ಹೈದರಾಬಾದ್ ನಿಜಾಮರ ಕರೆಗೆ ಹೋದರು.

ಇಲ್ಲಿದೆ ನೋಡಿ ವಿಚಿತ್ರ. ಬೆಂಗಳೂರಿನಲ್ಲಿ ಇವರು ಮುಸ್ಲಿಂ ಅಂತ ಅನುಮಾನ. ಹೈದರಾಬಾದ್‌ನಲ್ಲಿ ಇವರು ಸಾಕಷ್ಟು ಮುಸ್ಲಿಂ ಅಲ್ಲ ಅಂತ ಅನುಮಾನ! ಜಿನ್ನಾ ಅವರಿಗೆ ಈ ನೇಮಕ ಇಷ್ಟ ಇರಲಿಲ್ಲ. ಇತ್ತೆಹಾದ್ ಸಂಘಟನೆ ಇವರನ್ನು ಕಾಂಗ್ರೆಸ್ ಪರ, ಹಿಂದೂಗಳ ಪರ ಅಂತ ವಿರೋಧಿಸಿತು. ದೇಶ ಒಡೆಯೋದು ಬೇಡ, ಹೈದರಾಬಾದ್ ಭಾರತದ ಜೊತೆ ಹೊಂದಿಕೊಂಡು ಹೋಗಲಿ ಅನ್ನೋದು ಇವರ ನಿಲುವು. ಒಂದು ವರ್ಷವೂ ಆಗಲಿಲ್ಲ, 1947ರ ಮೇ ತಿಂಗಳಲ್ಲಿ ಬಿಟ್ಟು ಬಂದರು. ಎರಡು ಊರು, ಎರಡು ವಿರುದ್ಧ ಆರೋಪ, ಮನುಷ್ಯ ಒಬ್ಬರೇ.

ಆಮೇಲೆ ವಿಶ್ವಸಂಸ್ಥೆಯ ಪರವಾಗಿ ಸ್ವಲ್ಪ ಕಾಲ ಇಂಡೋನೇಷ್ಯಾದಲ್ಲಿ ಕೆಲಸ ಮಾಡಿದರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. 1959ರ ಜನವರಿ 5ರಂದು, ಹುಟ್ಟಿದ ಊರು ಬೆಂಗಳೂರಿನಲ್ಲೇ ತೀರಿಹೋದರು.

ಬೃಂದಾವನಕ್ಕೆ ಟ್ರಿಪ್ ಹೋಗೋರು ತುಂಬಾ ಜನ ಇದ್ದೀವಿ. ವಿದುರಾಶ್ವತ್ಥಕ್ಕೂ ಒಂದ್ಸಲ ಹೋಗಿ ಬನ್ನಿ, ಆ ಮರದ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿ. ಮಿರ್ಜಾ ಅವರನ್ನು ಸರಿಯಾಗಿ ನೋಡೋಕೆ ಎರಡೂ ಜಾಗ ಬೇಕು. ಒಂದೇ ನೋಡಿದರೆ ಅವರು ದೇವರಾಗ್ತಾರೆ, ಇಲ್ಲಾ ವಿಲನ್ ಆಗ್ತಾರೆ.

ಈ ಲೇಖನ ಬರೀತಿರುವಾಗಲೇ ಗ್ರೂಪಿಗೆ ಇನ್ನೊಂದು ವಿಡಿಯೋ ಬಂತು. ಯಾವ ಊರೋ ಗೊತ್ತಿಲ್ಲ, ಓಡ್ತಿರೋ ಜನ, ಲಾಠಿ, ಕೂಗಾಟ. ನಮ್ಮಲ್ಲೊಬ್ಬರು ಕೆಳಗೆ ಒಂದೇ ಸಾಲು ಹಾಕಿದರು, ಇದಕ್ಕಿಂತ ಮುಂಚಿನ ಐದು ನಿಮಿಷ ಯಾರ ಹತ್ರ ಇದೆ ಅಂತ. ಯಾರ ಹತ್ರವೂ ಇರಲಿಲ್ಲ. ಅವತ್ತು ರಾತ್ರಿ ಟೀಮ್ ಆಗಲಿಲ್ಲ, ಎಲ್ಲರೂ ಊಟಕ್ಕೆ ಮೆಸ್ಸಿಗೆ ಒಟ್ಟಿಗೆ ಹೋದೆವು.